ಥೆಲ್ಮಾ ರಿಟ್ಟರ್ ಬಗ್ಗೆ ಒಂದು ಸಂಜೆ ಮಾತಾಡುವುದು ಹೇಗೆ

ಮೈಸೂರಿನ ಕುವೆಂಪುನಗರದಲ್ಲಿ ನಾವೊಂದಷ್ಟು ಜನ ಸೇರಿ ಹಳೇ ಸಿನಿಮಾ ನೋಡುತ್ತೇವೆ. ಒಬ್ಬರ ಮನೆಯ ಮಹಡಿ, ಒಂದು ಪ್ರೊಜೆಕ್ಟರ್, ಗೋಡೆಗೆ ಬಿಗಿಯಾಗಿ ಕಟ್ಟಿದ ಬಿಳಿ ಬೆಡ್‌ಶೀಟ್. ಸಿನಿಮಾ ಹಾಕುವ ಮೊದಲು ಯಾರಾದರೂ ಒಬ್ಬರು ಅರ್ಧ ಗಂಟೆ ಒಬ್ಬ ಕಲಾವಿದರ ಬಗ್ಗೆ ಮಾತಾಡಬೇಕು ಅನ್ನುವುದು ನಮ್ಮ ಪದ್ಧತಿ. ಹೊಸದಾಗಿ ಒಪ್ಪಿಕೊಂಡವರು ಸಾಮಾನ್ಯವಾಗಿ ಹೀರೋನನ್ನೋ, ಹೀರೋಯಿನ್‌ನನ್ನೋ, ಡೈರೆಕ್ಟರನ್ನೋ ಹಿಡಿಯುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಒಂದೇ: ಪೋಷಕ ನಟಿಯೊಬ್ಬರನ್ನು ಹಿಡಿಯಿರಿ. ಹೀರೋಯಿನ್ ಬಗ್ಗೆ ಬಂದವರಿಗೆಲ್ಲ ಆಗಲೇ ಒಂದಿಷ್ಟು ಗೊತ್ತಿರುತ್ತದೆ. ಪೋಷಕ ನಟಿಯ ಮುಖ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಆ ಮುಖಕ್ಕೆ ಹೆಸರು, ಊರು, ಕೆಲಸ ಎಲ್ಲ ಸೇರಿಸಿ ಕೊಟ್ಟಾಗ ಜನ ನೆಟ್ಟಗೆ ಕೂತು ಕೇಳುತ್ತಾರೆ.

ಹಾಗೆ ಮಾತಾಡಲು ತಯಾರಾಗುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು ಹಳೇ ಹಾಲಿವುಡ್ ಸಿನಿಮಾಗಳ ಪೋಷಕ ನಟಿ ಥೆಲ್ಮಾ ರಿಟ್ಟರ್ ಅವರನ್ನು. ನಾನು ಬಹಳ ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ರಿಟೈರಾದ ಮೇಲೆ ಹಾಸಿಗೆ ಹಿಡಿದ ಹಿರಿಯರ ಮನೆಗಳಿಗೆ ಹೋಗಿ ಬಿಪಿ ನೋಡುವುದು, ಡ್ರೆಸಿಂಗ್ ಮಾಡುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿ ಎಣ್ಣೆ ಹಚ್ಚುವುದು, ಹೀಗೆ ಕೈಲಾದಷ್ಟು ಮಾಡುತ್ತಿದ್ದೇನೆ. ಸಿನಿಮಾದಲ್ಲಿ ನರ್ಸ್ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಆಕೆಯ ಕೈಗೆ. ಹೆಚ್ಚಿನವರು ಟ್ರೇ ಹಿಡಿದು ನಿಲ್ಲುತ್ತಾರೆ ಅಷ್ಟೆ. ರಿಟ್ಟರ್ ಕೈಗೆ ಕೆಲಸ ಗೊತ್ತಿತ್ತು. ನಾನು ಅವರನ್ನು ಹಿಡಿದುಕೊಂಡದ್ದು ಅದಕ್ಕೇ.

ಯಾರನ್ನು ಆರಿಸಬೇಕು

ನಿಮಗೂ ಇಂಥದ್ದೊಂದು ಸ್ವಂತ ಕಾರಣ ಬೇಕು. ‘ಆಕೆ ದೊಡ್ಡ ನಟಿ’ ಅನ್ನುವುದು ಸಾಲದು. ಅಡುಗೆ ಕೆಲಸದಲ್ಲಿರುವವರು ಅಡುಗೆಯವಳ ಪಾತ್ರ ಮಾಡಿದವರನ್ನು ನೋಡಲಿ, ಸ್ಕೂಲಿನಲ್ಲಿದ್ದವರು ಟೀಚರ್ ಪಾತ್ರದವರನ್ನು ನೋಡಲಿ. ನಿಮಗೆ ಗೊತ್ತಿರುವ ಕೆಲಸವನ್ನು ಪರದೆಯ ಮೇಲೆ ಆಕೆ ಹೇಗೆ ಮಾಡಿದ್ದಾಳೆ ಅನ್ನುವುದು ನಿಮಗೆ ಕಂಡಷ್ಟು ಬೇರೆಯವರಿಗೆ ಕಾಣುವುದಿಲ್ಲ.

ಎರಡನೆಯದು, ಆಕೆಯ ಐದಾರು ಸಿನಿಮಾ ಆದರೂ ಒಳ್ಳೆ ಪ್ರಿಂಟ್‌ನಲ್ಲಿ ಸಬ್‌ಟೈಟಲ್ ಸಮೇತ ಸಿಗುವಂತಿರಬೇಕು. ರಿಟ್ಟರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನವರು. ಅವರ ಮಾತಿನ ವೇಗ, ಆ ಕಡೆಯ ಜನಸಾಮಾನ್ಯರ ಎಳೆತ ಎರಡೂ ಸೇರಿದಾಗ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಒಂದೆರಡು ಮಾತು ತಪ್ಪಿ ಹೋಗುತ್ತದೆ.

ಬೇರೆ ಹೆಸರು ಬೇಕೆಂದರೆ ಆಗ್ನೆಸ್ ಮೂರ್‌ಹೆಡ್ ಇದ್ದಾರೆ. 1941ರ ‘ಸಿಟಿಜನ್ ಕೇನ್’ನಲ್ಲಿ ಮಗನನ್ನು ಪರರ ಕೈಗೆ ಒಪ್ಪಿಸುವ ತಾಯಿಯಾಗಿ ಕೆಲವೇ ನಿಮಿಷ ಬಂದರೂ ಇಡೀ ಸಿನಿಮಾ ಅಲ್ಲಿಂದಲೇ ಹೊರಡುತ್ತದೆ. ಹ್ಯಾಟಿ ಮೆಕ್‌ಡೇನಿಯಲ್ ಇದ್ದಾರೆ. ‘ಗಾನ್ ವಿತ್ ದಿ ವಿಂಡ್’ಗೆ 1940ರಲ್ಲಿ ಆಸ್ಕರ್ ಪಡೆದರು, ಆಸ್ಕರ್ ಪಡೆದ ಮೊದಲ ಕಪ್ಪು ಜನಾಂಗದ ಕಲಾವಿದೆ. ಆದರೆ ಪ್ರಶಸ್ತಿ ಕೊಟ್ಟ ಆ ಹೋಟೆಲಿನಲ್ಲೇ ಜೊತೆ ನಟರ ಸಾಲಿನಲ್ಲಿ ಅವರಿಗೆ ಜಾಗ ಇರಲಿಲ್ಲ, ಬೇರೆ ಟೇಬಲ್ ಹಾಕಿದ್ದರು. ಅವರನ್ನು ಆರಿಸಿದರೆ ಆ ಟೇಬಲಿನ ಮಾತನ್ನು ಬಿಡುವ ಹಾಗಿಲ್ಲ. ಅದಕ್ಕೆ ಅರ್ಧ ಗಂಟೆ ಸಾಲುವುದೂ ಇಲ್ಲ, ಒಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ.

ಮೊದಲು ನೋಡಿ, ಆಮೇಲೆ ಓದಿ

ಆಕೆಯ ಜೀವನಚರಿತ್ರೆ ಓದಿಕೊಂಡು ಸಿನಿಮಾಗೆ ಕೂರಬೇಡಿ. ಓದಿದ್ದೇ ಕಣ್ಣಿಗೆ ಅಡ್ಡ ಬರುತ್ತದೆ. ಆರು ಸಲ ಆಸ್ಕರ್ ತಪ್ಪಿಹೋಯಿತು ಅಂತ ಮೊದಲೇ ಗೊತ್ತಿದ್ದರೆ ಪ್ರತಿ ದೃಶ್ಯದಲ್ಲೂ ‘ಪಾಪ’ ಅನ್ನಿಸಲು ಶುರುವಾಗುತ್ತದೆ. ಅವರ ಕೆಲಸದಲ್ಲಿ ಪಾಪ ಅನ್ನುವಂಥದ್ದು ಏನೂ ಇಲ್ಲ.

ಒಂದು ಸಿನಿಮಾ ತೆಗೆದುಕೊಂಡು ಮೂರು ಸುತ್ತು ನೋಡಿ. ಮೊದಲ ಸುತ್ತು ಕಥೆಗಾಗಿ. ಎರಡನೇ ಸುತ್ತಿನಲ್ಲಿ ಆಕೆ ಬರುವ ದೃಶ್ಯಗಳನ್ನು ಮಾತ್ರ, ಸೌಂಡ್ ಪೂರ್ತಿ ತೆಗೆದು ನೋಡಿ. ಮೂರನೇ ಸುತ್ತಿನಲ್ಲಿ ಸೌಂಡ್ ಇಟ್ಟು, ಬೇರೆಯವರು ಮಾತಾಡುವಾಗ ಈಕೆಯನ್ನೇ ನೋಡಿ. ಈ ಮೂರನೇ ಸುತ್ತಿನಲ್ಲಿ ಸಿಗುವುದೇ ನಿಮ್ಮ ಮಾತಿನ ತಿರುಳು. ಹೀರೋಗೆ ಕ್ಯಾಮೆರಾ ತಾನಾಗಿ ತಿರುಗುತ್ತದೆ. ಪೋಷಕ ನಟಿ ಕ್ಯಾಮೆರಾ ತನ್ನ ಮೇಲೆ ಇಲ್ಲದಾಗಲೂ ಆ ಮನೆಯಲ್ಲಿ ಬದುಕುತ್ತಿರಬೇಕು. ಬದುಕುತ್ತಿದ್ದಾಳೋ ಸುಮ್ಮನೆ ನಿಂತಿದ್ದಾಳೋ ಅನ್ನುವುದು ಆಕೆ ಬಾಯಿ ಮುಚ್ಚಿಕೊಂಡಿರುವಾಗ ತಿಳಿಯುತ್ತದೆ.

ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ರಿಯರ್ ವಿಂಡೋ’ (1954) ಇಟ್ಟುಕೊಂಡು ಅಭ್ಯಾಸ ಮಾಡಿ. ಜೇಮ್ಸ್ ಸ್ಟೀವರ್ಟ್ ಕಾಲು ಮುರಿದುಕೊಂಡ ಫೋಟೊಗ್ರಾಫರ್. ಸೊಂಟದವರೆಗೂ ಪ್ಲಾಸ್ಟರ್, ವೀಲ್‌ಚೇರ್, ಹೊತ್ತು ಹೋಗದೆ ಎದುರು ಮನೆಗಳ ಕಿಟಕಿ ನೋಡುವುದು. ಇನ್ಶೂರೆನ್ಸ್ ಕಂಪನಿ ಕಳಿಸಿದ ನರ್ಸ್ ಸ್ಟೆಲ್ಲಾ ಪಾತ್ರ ರಿಟ್ಟರ್ ಅವರದು. ಆಕೆ ಬಂದದ್ದು ಮೊದಲು ಗೊತ್ತಾಗುವುದು ದನಿಯಿಂದ. ಪರರ ಕಿಟಕಿ ಇಣುಕುವವರಿಗೆ ನ್ಯೂಯಾರ್ಕಿನಲ್ಲಿ ಆರು ತಿಂಗಳ ಶಿಕ್ಷೆ ಅಂತ ಬೆದರಿಸಿಕೊಂಡೇ ಒಳಗೆ ಬರುತ್ತಾಳೆ.

ಈಗ ಸೌಂಡ್ ತೆಗೆದು ನೋಡಿ. ಥರ್ಮಾಮೀಟರ್ ಬಾಯಿಗೆ ಇಡುತ್ತಾಳೆ. ಇಟ್ಟ ಮೇಲೆ ರೋಗಿ ಮಾತಾಡುವ ಹಾಗಿಲ್ಲ, ಆಕೆಯೊಬ್ಬಳೇ ಮಾತಾಡಬಹುದು. ಇದನ್ನು ಬರೆದವರು ಜಾಣರು, ಆದರೆ ಅದನ್ನು ದಿನನಿತ್ಯದ ಅಭ್ಯಾಸದಂತೆ ಮಾಡಿರುವುದು ರಿಟ್ಟರ್. ರೋಗಿಯ ಮುಖ ನೋಡುತ್ತಾ ನಿಲ್ಲದೆ ತನ್ನ ಪಾಡಿಗೆ ಮುಂದಿನ ಕೆಲಸಕ್ಕೆ ಹೋಗುತ್ತಾಳೆ. ಆಮೇಲೆ ಆತನನ್ನು ವೀಲ್‌ಚೇರಿನಿಂದ ಎಬ್ಬಿಸಿ ದಿವಾನದ ಮೇಲೆ ಬೋರಲು ಮಲಗಿಸಿ ಬೆನ್ನು ತಿಕ್ಕುವ ದೃಶ್ಯ. ಔಷಧ ಬೆನ್ನಿಗೆ ಬಿದ್ದ ಕೂಡಲೇ ಆತ ತಣ್ಣಗಿದೆ ಅಂತ ಗೊಣಗುತ್ತಾನೆ, ರಕ್ತ ಓಡಾಡಲು ಅದೇ ಒಳ್ಳೆಯದು ಅನ್ನುವ ಅರ್ಥದ ಉತ್ತರ ತಕ್ಷಣ ಬರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಹೆಗಲಿನ ಹತ್ತಿರ ಅಂಗೈ ಊರಿ ಭಾರ ಬಿಡುವುದು ನೋಡಿ. ಬೆರಳ ತುದಿಯಲ್ಲಿ ತಿಕ್ಕುವವರು ನಟಿಸುತ್ತಿರುತ್ತಾರೆ. ದಿನಕ್ಕೆ ನಾಲ್ಕು ಮನೆ ಸುತ್ತುವವರು ಅಂಗೈಗೇ ಕೆಲಸ ಕೊಡುತ್ತಾರೆ, ಇಲ್ಲದಿದ್ದರೆ ರಾತ್ರಿ ಬೆರಳ ಗೆಣ್ಣು ನೋಯುತ್ತದೆ. ತಿಕ್ಕುತ್ತಲೇ ಆಕೆ, ಗ್ರೇಸ್ ಕೆಲ್ಲಿಯಂಥ ಹುಡುಗಿಯನ್ನು ಮದುವೆಯಾಗಲು ನಿನಗೇನು ಧಾಡಿ ಅಂತ ಆತನನ್ನು ವಿಚಾರಿಸಿಕೊಳ್ಳುತ್ತಾಳೆ. ಮನೆಗೆ ಹೋಗಿ ಶುಶ್ರೂಷೆ ಮಾಡುವವರಿಗೆ ಆ ಸಲಿಗೆ ತಾನಾಗಿ ಬರುತ್ತದೆ. ಮೈ ಮುಟ್ಟಿ ಕೆಲಸ ಮಾಡುವವಳ ಮುಂದೆ ರೋಗಿ ದೊಡ್ಡಸ್ತಿಕೆ ಇಟ್ಟುಕೊಳ್ಳಲಾರ. ಕೊಪ್ಪಲಿನ ಅಜ್ಜನಾದರೂ ಅಷ್ಟೆ, ಲಾಯರ್ ಆಗಿದ್ದವರಾದರೂ ಅಷ್ಟೆ.

ಅದೇ ಸಿನಿಮಾದಲ್ಲಿ ಆತ ತಿಂಡಿಗೆ ಕೂತಾಗ ಎದುರು ಮನೆಯವನು ಹೆಂಡತಿಯ ಹೆಣವನ್ನು ಎಲ್ಲಿ ಕತ್ತರಿಸಿರಬಹುದು, ರಕ್ತ ತೊಳೆಯಲು ಬಚ್ಚಲು ತೊಟ್ಟಿಯೇ ಸರಿ ಅಂತ ಸ್ಟೆಲ್ಲಾ ಸಲೀಸಾಗಿ ಹೇಳುತ್ತಾಳೆ. ಆತನಿಗೆ ತುತ್ತು ಇಳಿಯುವುದಿಲ್ಲ. ನಗಿಸಬೇಕು ಅಂತ ರಿಟ್ಟರ್ ಒಂದು ಎಳೆಯೂ ಹೆಚ್ಚು ಮಾಡುವುದಿಲ್ಲ. ನರ್ಸ್‌ಗಳ ಊಟದ ಕೋಣೆಯಲ್ಲಿ ಕೂತವರಿಗೆ ಗೊತ್ತು, ನಾವು ಇಂಥದ್ದನ್ನೆಲ್ಲ ಅನ್ನ ಕಲಸಿಕೊಳ್ಳುತ್ತಲೇ ಮಾತಾಡುತ್ತೇವೆ.

ಹೀಗೆ ಕಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ, ಎಷ್ಟನೇ ನಿಮಿಷ ಅನ್ನುವುದರ ಸಮೇತ ಬರೆದಿಡಿ. ‘ಅದ್ಭುತ ಅಭಿನಯ’ ಅಂತ ಬರೆಯಬೇಡಿ. ಕೈ ಏನು ಮಾಡಿತು, ಕಣ್ಣು ಎಲ್ಲಿಗೆ ಹೋಯಿತು, ಯಾರು ಮಾತಾಡುವಾಗ ಆಕೆ ಕೆಲಸ ನಿಲ್ಲಿಸಿದಳು, ಇಷ್ಟು ಸಾಕು. ಕೇಸ್ ಶೀಟ್‌ನಲ್ಲಿ ‘ರೋಗಿ ಚೆನ್ನಾಗಿದ್ದಾರೆ’ ಅಂತ ಬರೆದರೆ ಮುಂದಿನ ಶಿಫ್ಟಿನವಳಿಗೆ ಏನೂ ತಿಳಿಯುವುದಿಲ್ಲವಲ್ಲ, ಹಾಗೆಯೇ ಇದು.

ಇಸವಿಗಳು, ಮತ್ತು ನಡುವಿನ ಖಾಲಿ ಜಾಗ

ಈಗ ಜೀವನಕ್ಕೆ ಬನ್ನಿ. ಒಂದು ಹಾಳೆಯ ಮೇಲೆ ಅಡ್ಡಗೆರೆ ಎಳೆದು ಗಟ್ಟಿಯಾಗಿ ಗೊತ್ತಿರುವ ಇಸವಿಗಳನ್ನು ಇಡಿ. 1902ರ ಫೆಬ್ರವರಿ 14, ಬ್ರೂಕ್ಲಿನ್‌ನಲ್ಲಿ ಹುಟ್ಟು. ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್‌ನಲ್ಲಿ ತರಬೇತಿ. ನಾಟಕ ಕಂಪನಿಗಳಲ್ಲಿ ಕೆಲಸ. 1927ರಲ್ಲಿ ಜೋಸೆಫ್ ಮೊರನ್ ಜೊತೆ ಮದುವೆ. ಅವರೂ ನಟರೇ, ಮುಂದೆ ಜಾಹೀರಾತು ಕ್ಷೇತ್ರಕ್ಕೆ ಹೋದರು. ಇಬ್ಬರು ಮಕ್ಕಳು. ನಡುವೆ ರೇಡಿಯೊ. ಆಮೇಲೆ ಒಮ್ಮೆಗೇ 1947, ಮೊದಲ ಸಿನಿಮಾ.

1927ಕ್ಕೂ 1947ಕ್ಕೂ ನಡುವೆ ಇಪ್ಪತ್ತು ವರ್ಷ. ಮಾತಾಡುವವರು ಇದನ್ನು ‘ಸಂಸಾರದ ಕಾರಣದಿಂದ ದೂರವಿದ್ದರು’ ಅಂತ ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ದಾಟಬೇಡಿ, ಅಲ್ಲೇ ನಿಲ್ಲಿ. ಮಕ್ಕಳನ್ನು ಸಾಕಿದ್ದು, ಮನೆ ನಡೆಸಿದ್ದು, ರೇಡಿಯೊ ಸ್ಟುಡಿಯೊದಲ್ಲಿ ದನಿಯೊಂದರಿಂದಲೇ ಪಾತ್ರ ಕಟ್ಟಿದ್ದು, ಇವೆಲ್ಲ ಆ ಖಾಲಿ ಜಾಗದಲ್ಲಿ ಇವೆ. ರೇಡಿಯೊದಲ್ಲಿ ಮುಖವೂ ಇಲ್ಲ, ಬಟ್ಟೆಯೂ ಇಲ್ಲ, ಬಾಯಿ ತೆರೆದ ಕೂಡಲೇ ಈಕೆ ಯಾರು, ಯಾವ ಬೀದಿಯವಳು ಅಂತ ಗೊತ್ತಾಗಬೇಕು. ಸ್ಟೆಲ್ಲಾಳ ದನಿ ಮೊದಲು ಬಂದು ಆಮೇಲೆ ಆಕೆ ಬಂದಾಗ ಆ ಅಭ್ಯಾಸ ಎಷ್ಟು ಉಪಯೋಗಕ್ಕೆ ಬಂತು ನೋಡಿ. ನಮ್ಮ ಸಂಜೆಗಳಿಗೆ ಬರುವ ಹೆಂಗಸರಲ್ಲಿ ಎಷ್ಟೋ ಜನ ಕೆಲಸ ಬಿಟ್ಟು ಮಕ್ಕಳನ್ನು ಬೆಳೆಸಿ ಮತ್ತೆ ಕೆಲಸ ಹುಡುಕಿದವರು. ಈ ಭಾಗ ಹೇಳುವಾಗ ಮಹಡಿಯಲ್ಲಿ ಸದ್ದೇ ಇರುವುದಿಲ್ಲ. ಮೊದಲ ಸಿನಿಮಾ ಬರುವಾಗ ಆಕೆಗೆ ನಲವತ್ತೈದು. ನಮ್ಮಲ್ಲಿ ಆ ವಯಸ್ಸಿಗೆ ‘ಇನ್ನೇನಿದ್ದರೂ ಮಕ್ಕಳದ್ದು’ ಅಂದುಬಿಡುತ್ತಾರೆ.

ಆ ಮೊದಲ ಪಾತ್ರ ಎಷ್ಟು ಚಿಕ್ಕದೆಂದರೆ ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲ. ಜಾರ್ಜ್ ಸೀಟನ್ ನಿರ್ದೇಶಿಸಿದ ‘ಮಿರಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್’. ನ್ಯೂಯಾರ್ಕಿನ ಮೇಸೀಸ್ ಅಂಗಡಿ, ಕ್ರಿಸ್‌ಮಸ್ ಜನಜಂಗುಳಿ. ಸಾಂಟಾ ವೇಷದ ಮುದುಕ ಹುಡುಗನಿಗೆ ಅಗ್ನಿಶಾಮಕ ಲಾರಿಯ ಆಟಿಕೆ ಕೊಡಿಸುತ್ತೇನೆ ಅಂತ ಮಾತು ಕೊಟ್ಟುಬಿಡುತ್ತಾನೆ. ಊರೆಲ್ಲ ಸುತ್ತಿ ಸಿಗದೆ ಸುಸ್ತಾದ ತಾಯಿ ರಿಟ್ಟರ್. ಸಿಟ್ಟಿನಿಂದ ಆತನನ್ನು ತರಾಟೆಗೆ ತೆಗೆದುಕೊಳ್ಳಲು ಬರುತ್ತಾಳೆ. ಆತ ಬೇರೆ ಅಂಗಡಿಯ ಹೆಸರು ಹೇಳಿ ಅಲ್ಲಿ ಸಿಗುತ್ತದೆ ಅನ್ನುತ್ತಾನೆ. ಒಂದು ಅಂಗಡಿಯವನು ಇನ್ನೊಂದು ಅಂಗಡಿಗೆ ಕಳಿಸುವುದೇ? ಆ ಸಿಟ್ಟು, ನಂಬಲಾರದ ಬೆರಗು, ಆಮೇಲೆ ಒಪ್ಪಿಕೊಂಡ ಖುಷಿ, ಮೂರೂ ಆ ಕೆಲವು ಕ್ಷಣಗಳಲ್ಲಿ ಬಂದು ಹೋಗುತ್ತವೆ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೊದ ಮುಖ್ಯಸ್ಥ ಡ್ಯಾರಿಲ್ ಝಾನಕ್ ಅವರ ಕಣ್ಣಿಗೆ ಬಿದ್ದದ್ದು ಇದರಿಂದಲೇ. ದೇವರಾಜ ಮಾರ್ಕೆಟಿನಲ್ಲಿ ಹಬ್ಬದ ಹಿಂದಿನ ದಿನ ಮಗುವಿನ ಕೈ ಹಿಡಿದು ಓಡಾಡಿದವರಿಗೆ ಈ ತಾಯಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ನಂತರ 1949ರಲ್ಲಿ ಜೋಸೆಫ್ ಮ್ಯಾಂಕೀವಿಚ್ ಅವರ ‘ಎ ಲೆಟರ್ ಟು ತ್ರೀ ವೈವ್ಸ್’, ಅಲ್ಲಿಯೂ ಟೈಟಲಿನಲ್ಲಿ ಹೆಸರಿಲ್ಲ. ಮಾರನೇ ವರ್ಷ ಅದೇ ಮ್ಯಾಂಕೀವಿಚ್ ಅವರ ‘ಆಲ್ ಅಬೌಟ್ ಈವ್’, ಅಲ್ಲಿಂದ ಮುಂದೆ ಹೆಸರು ಹುಡುಕುವ ಕಷ್ಟ ಇಲ್ಲ.

ಎರಡೇ ತುಣುಕು ಹಾಕಿ

ಅರ್ಧ ಗಂಟೆಯ ಮಾತಿನಲ್ಲಿ ಎರಡು ತುಣುಕಿಗಿಂತ ಹೆಚ್ಚು ಹಾಕಬೇಡಿ. ಕೊನೆಗೆ ಒಂದು ಸಿನಿಮಾ ಪೂರ್ತಿ ಇದ್ದೇ ಇರುತ್ತದೆ. ತುಣುಕಿಗೆ ಮೊದಲು ಅಲ್ಲಿ ಏನು ಮಾತು ಬರುತ್ತದೆ ಅನ್ನುವುದನ್ನು ಕನ್ನಡದಲ್ಲಿ ನಾಲ್ಕು ಸಾಲಿನಲ್ಲಿ ಹೇಳಿಬಿಡಿ. ಆಗ ಜನ ಸಬ್‌ಟೈಟಲ್ ಓದುವುದು ಬಿಟ್ಟು ಮುಖ ನೋಡುತ್ತಾರೆ.

ನನ್ನ ಮೊದಲ ತುಣುಕು ‘ಆಲ್ ಅಬೌಟ್ ಈವ್’ನ ಡ್ರೆಸಿಂಗ್ ರೂಮ್. ಬೆಟ್ಟಿ ಡೇವಿಸ್ ದೊಡ್ಡ ರಂಗನಟಿ ಮಾರ್ಗೊ, ರಿಟ್ಟರ್ ಆಕೆಯ ಉಡುಗೆ ತೊಡುಗೆ ನೋಡಿಕೊಳ್ಳುವ ಬರ್ಡಿ. ಈವ್ ಎಂಬ ಹುಡುಗಿ ಬಂದು ತನ್ನ ಕಣ್ಣೀರಿನ ಕಥೆ ಹೇಳುತ್ತಾಳೆ. ಎಲ್ಲರೂ ಕರಗಿ ಹೋಗುತ್ತಾರೆ. ಜನ ಈವ್ ಮುಖ ನೋಡದಿರಲಿ, ಬರ್ಡಿಯನ್ನು ನೋಡಲಿ ಅಂತ ಮೊದಲೇ ಹೇಳಿಡಿ. ಬರ್ಡಿಯೂ ಮನಸ್ಸಿಟ್ಟು ಕೇಳುತ್ತಾಳೆ. ಮುಗಿದ ಮೇಲೆ ಅವಳ ಬಾಯಿಂದ ಒಂದು ಕುಟುಕು ಮಾತು ಬರುತ್ತದೆ, ಮಾರ್ಗೊ ಗದರುತ್ತಾಳೆ, ಬರ್ಡಿ ಕ್ಷಮೆ ಕೇಳುತ್ತಾಳೆ. ಆ ಹುಡುಗಿಯ ವಿಷಯದಲ್ಲಿ ಮೊದಲು ಎಚ್ಚೆತ್ತವಳು ಬರ್ಡಿಯೇ. ಮುಂದೆ ಮಾರ್ಗೊ ಕೇಳಿದಾಗ, ಅವಳು ನಿಮ್ಮನ್ನು ಪುಸ್ತಕದ ಹಾಗೆ ಓದಿಕೊಳ್ಳುತ್ತಿದ್ದಾಳೆ ಅನ್ನುವ ಅರ್ಥದ ಮಾತು ಹೇಳಿ ಎಚ್ಚರಿಸುವವಳೂ ಅವಳೇ. ವಿಚಿತ್ರವೆಂದರೆ ಪಾರ್ಟಿಯ ದೃಶ್ಯ ಆದಮೇಲೆ ಬರ್ಡಿ ಸಿನಿಮಾದಲ್ಲೇ ಕಾಣುವುದಿಲ್ಲ. ನನಗೆ ಅದು ದೊಡ್ಡ ಕೊರತೆ. ನಿಜ ಕಂಡವಳನ್ನು ಕಥೆ ನಡುವೆಯೇ ಬಿಟ್ಟುಬಿಟ್ಟಿತು. ಆದರೂ ಆಸ್ಕರ್ ನಾಮನಿರ್ದೇಶನಕ್ಕೆ ಅಷ್ಟೇ ಸಾಕಾಯಿತು.

ಎರಡನೆಯದು ಸ್ಯಾಮ್ಯುಯೆಲ್ ಫುಲ್ಲರ್ ಅವರ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ (1953). ಇದನ್ನು ಹಾಕುವ ಮೊದಲು ಸ್ವಲ್ಪ ನಿಧಾನ ಮಾಡಿ. ರಿಟ್ಟರ್ ಇಲ್ಲಿ ಮೋ. ಕತ್ತಿಗೆ ಕಟ್ಟುವ ಟೈ ಮಾರುವುದು ಹೊರಗಿನ ಕೆಲಸ, ಜೇಬುಗಳ್ಳರ ಸುಳಿವನ್ನು ಪೊಲೀಸರಿಗೆ ಮಾರುವುದು ಒಳಗಿನ ಕೆಲಸ. ಕಳ್ಳ ಕೈ ಹಾಕಿದ ರೀತಿ ಕೇಳಿಯೇ ಅವನು ಯಾರಿರಬಹುದು ಅಂತ ಹೇಳುವಷ್ಟು ಪಳಗಿದವಳು. ಪೊಲೀಸ್ ಅಧಿಕಾರಿಯ ಮುಂದೆ ಕೂತು ಎಲ್ಲದರ ಬೆಲೆ ಏರಿದೆ, ನನ್ನ ರೇಟೂ ಏರಿದೆ ಅಂತ ಚೌಕಾಸಿ ಮಾಡುತ್ತಾಳೆ. ದುಡ್ಡು ಯಾಕೆ ಅಂದರೆ, ತನ್ನ ಹೆಣ ಅನಾಥರ ಗುಂಡಿಗೆ ಹೋಗಬಾರದು, ಸ್ವಂತಕ್ಕೊಂದು ಜಾಗ ಕೊಂಡು ಮರ್ಯಾದೆಯಾಗಿ ಮಣ್ಣಾಗಬೇಕು.

ಇಲ್ಲಿ ನಾನು ನನ್ನ ರೋಗಿಯೊಬ್ಬರ ಮಾತು ಹೇಳುತ್ತೇನೆ. ಮಂಡ್ಯ ಕಡೆಯ ಅಜ್ಜಿ, ಮೈಸೂರಿನಲ್ಲಿ ಮಗಳ ಮನೆಯಲ್ಲಿ ಮಲಗಿದಲ್ಲೇ ಇದ್ದವರು. ದಿಂಬಿನ ಕೆಳಗೆ ಒಂದು ಎಲೆಅಡಿಕೆ ಚೀಲ. ಅದರಲ್ಲಿ ಎಲೆಯೂ ಇಲ್ಲ ಅಡಿಕೆಯೂ ಇಲ್ಲ, ಮಡಿಸಿದ ನೋಟು. ಮಗ್ಗುಲು ಬದಲಿಸುವಾಗ ಅದನ್ನು ನಾನು ತೆಗೆದಿಟ್ಟು ಮತ್ತೆ ಅದೇ ಜಾಗಕ್ಕೆ ಇಡಬೇಕು, ಇಲ್ಲದಿದ್ದರೆ ಕೈ ತಡಕಾಡುತ್ತಿತ್ತು. ‘ನನ್ ಮಣ್ಣಿಗೆ ಅಂತ ಮಡಗಿವ್ನಿ ಕಣವ್ವ, ಅಳಿಯಂಗೆ ಭಾರ ಆಗ್ಬಾರ್ದು’ ಅನ್ನುತ್ತಿದ್ದರು. ಮೋ ದುಡ್ಡು ಎಣಿಸುವಾಗ ರಿಟ್ಟರ್ ಮುಖದಲ್ಲಿ ಆಸೆಬುರುಕತನ ಇಲ್ಲ. ಅಜ್ಜಿಯ ಮುಖದಲ್ಲೂ ಇರಲಿಲ್ಲ. ಅದು ಲೆಕ್ಕ, ಅಷ್ಟೆ. ನಿಮಗೂ ಇಂಥವರು ಯಾರಾದರೂ ಗೊತ್ತಿದ್ದರೆ ಹೇಳಿ, ಹೆಸರು ಮನೆ ಯಾವುದೂ ಹೇಳಬೇಡಿ.

ಆಮೇಲೆ ತುಣುಕು ಹಾಕಿ. ರಾತ್ರಿ ಮೋ ಕೋಣೆಗೆ ಬರುತ್ತಾಳೆ. ಗ್ರಾಮಫೋನಿನಲ್ಲಿ ಒಂದು ಹಾಡು. ಒಬ್ಬ ಬಂದೂಕು ಹಿಡಿದು ಬಂದು ಒಂದು ವಿಳಾಸ ಕೇಳುತ್ತಾನೆ. ಮಾಹಿತಿ ಮಾರಿಯೇ ಬದುಕಿದವಳು ಈ ಒಂದು ವಿಳಾಸವನ್ನು ಮಾರುವುದಿಲ್ಲ. ಅವಳು ಅವನೊಂದಿಗೆ ಮಾತಾಡುವ ಧಾಟಿ ಗಮನಿಸಿ: ದನಿ ಏರುವುದಿಲ್ಲ, ಅಂಗಲಾಚುವುದಿಲ್ಲ. ದಣಿದಿದ್ದೇನೆ ಅನ್ನುತ್ತಾಳೆ. ಮೈಯೆಲ್ಲ ದಣಿದವರಿಗೆ ಹೆದರಲೂ ಶಕ್ತಿ ಉಳಿದಿರುವುದಿಲ್ಲ. ಇದನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ, ಪರದೆಯ ಮೇಲೆ ಇಷ್ಟು ಸರಿಯಾಗಿ ಕಂಡದ್ದು ಇಲ್ಲೇ. ಕ್ಯಾಮೆರಾ ಅವಳಿಂದ ಸರಿದು ಗ್ರಾಮಫೋನಿನ ಕಡೆ ಹೋಗುತ್ತದೆ, ಗುಂಡಿನ ಸದ್ದು ಮಾತ್ರ ಕೇಳುತ್ತದೆ. ತುಣುಕು ಅಲ್ಲಿಗೆ ನಿಲ್ಲಿಸಿ ಲೈಟ್ ಹಾಕಿ. ಆದರೆ ಕಥೆಯ ಮುಂದಿನ ಭಾಗವನ್ನು ಬಾಯಲ್ಲಿ ಹೇಳದೆ ಬಿಡಬೇಡಿ. ಅನಾಥ ಹೆಣಗಳ ಜೊತೆ ಸಾಗಿಸುತ್ತಿದ್ದ ಅವಳ ಪೆಟ್ಟಿಗೆಯನ್ನು, ಅವಳು ಯಾರ ಸುಳಿವನ್ನು ಪೊಲೀಸರಿಗೆ ಮಾರಿದ್ದಳೋ ಆ ಜೇಬುಗಳ್ಳನೇ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಹೇಳದಿದ್ದರೆ ಹಿರಿಯರು ಆ ಸಂಕಟ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ.

ಪ್ರಶಸ್ತಿಯ ಮಾತು

ಇದನ್ನು ಮಾತಿನ ಮೊದಲಿಗೆ ತರಬೇಡಿ. ಕೆಲಸ ನೋಡಿದ ಮೇಲೆ ಹೇಳಿ. ಪೋಷಕ ನಟಿಯರಿಗೆ ಆಸ್ಕರ್ ಕೊಡಲು ಶುರುವಾದದ್ದು 1936ರ ಸಿನಿಮಾಗಳಿಂದ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಪೋಷಕ ನಟಿಗೆ ಬೇರೆ ಸ್ಥಾನ ಬಂದದ್ದು 1984ರ ಸಿನಿಮಾಗಳಿಂದ, ಮೊದಲು ಪಡೆದವರು ರೋಹಿಣಿ ಹಟ್ಟಂಗಡಿ. ಇಷ್ಟು ಹೇಳಿದರೆ ಹಿನ್ನೆಲೆ ಸಿಕ್ಕಿತು.

ರಿಟ್ಟರ್ ಅವರಿಗೆ ಆರು ನಾಮನಿರ್ದೇಶನ: 1950ರಿಂದ 1953ರವರೆಗೆ ಸತತ ನಾಲ್ಕು ವರ್ಷದ ಸಿನಿಮಾಗಳಿಗೆ, ಆಮೇಲೆ 1959ರ ‘ಪಿಲ್ಲೋ ಟಾಕ್’ಗೆ, 1962ರ ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ಗೆ. ಒಂದೂ ಬರಲಿಲ್ಲ. ಯಾರಿಗೆ ಬಂತು ಅಂತ ಆರೂ ಹೆಸರು ಓದುವ ಅಗತ್ಯ ಇಲ್ಲ. ಮೋ ಮಾಡಿದ ವರ್ಷ ಡೊನಾ ರೀಡ್ ಅವರಿಗೆ ಹೋಯಿತು ಅಂತ ಒಂದು ಹೇಳಿದರೆ ಸಾಕು. ‘ರಿಯರ್ ವಿಂಡೋ’ಗೆ ನಾಮನಿರ್ದೇಶನವೂ ಇರಲಿಲ್ಲ ಅನ್ನುವುದನ್ನು ಮಾತ್ರ ಮರೆಯದೆ ಹೇಳಿ. ಪ್ರಶಸ್ತಿ ಪಟ್ಟಿ ಹಿಡಿದು ಸಿನಿಮಾ ಹುಡುಕುವವರಿಗೆ ಸ್ಟೆಲ್ಲಾ ಸಿಗುವುದೇ ಇಲ್ಲ.

ಬಹಳ ಜನ ಬಿಟ್ಟುಬಿಡುವ ಇನ್ನೊಂದು ಸಂಗತಿ: 1958ರಲ್ಲಿ ಬ್ರಾಡ್‌ವೇಯ ‘ನ್ಯೂ ಗರ್ಲ್ ಇನ್ ಟೌನ್’ ಸಂಗೀತ ನಾಟಕಕ್ಕೆ ಅವರಿಗೆ ಟೋನಿ ಪ್ರಶಸ್ತಿ ಬಂತು, ಅದೂ ಪ್ರಧಾನ ನಟಿಯ ವಿಭಾಗದಲ್ಲಿ, ಜೊತೆ ನಟಿ ಗ್ವೆನ್ ವರ್ಡನ್ ಜೊತೆ ಸಮನಾಗಿ. ರಂಗಭೂಮಿಯಲ್ಲಿ ಶುರುಮಾಡಿದವರಿಗೆ ರಂಗಭೂಮಿಯ ಪ್ರಶಸ್ತಿ. 1955ರ ಆಸ್ಕರ್ ಸಮಾರಂಭವನ್ನು ಬಾಬ್ ಹೋಪ್ ಹಾಲಿವುಡ್‌ನಿಂದ ನಡೆಸಿಕೊಟ್ಟರೆ ನ್ಯೂಯಾರ್ಕ್ ಕಡೆಯಿಂದ ನಡೆಸಿಕೊಟ್ಟವರು ರಿಟ್ಟರ್. ಆಸ್ಕರ್ ಸಿಗದ ಬಡಪಾಯಿ ಅನ್ನುವ ಹಾಗೆ ಮಾತಾಡಿದರೆ ಇವೆರಡೂ ನಿಮ್ಮ ಮಾತನ್ನು ಸುಳ್ಳು ಮಾಡುತ್ತವೆ.

ತಾಯಿ ಪಾತ್ರ, ನಮ್ಮವರ ಪ್ರಶ್ನೆ

‘ನಮ್ಮಲ್ಲಿ ಯಾರ ಥರ?’ ಈ ಪ್ರಶ್ನೆ ಬಂದೇ ಬರುತ್ತದೆ. ಪಂಡರಿಬಾಯಿ ಹೆಸರು ಯಾರಾದರೂ ಎತ್ತುತ್ತಾರೆ. ಒಪ್ಪಿಬಿಡಬೇಡಿ. ಪಂಡರಿಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ, 1986ರ ‘ಅನುರಾಗ ಅರಳಿತು’ವಿನಲ್ಲಿ ಅದೇ ರಾಜ್‌ಕುಮಾರ್‌ಗೆ ತಾಯಿ. ನಾಯಕಿಯಾಗಿ ಬಂದು ತಾಯಿಯಾದ ದಾರಿ ಅದು. ರಿಟ್ಟರ್ ಪರದೆಗೆ ಬಂದದ್ದೇ ತಾಯಿಯಾಗಿ. ಇಬ್ಬರನ್ನೂ ತಕ್ಕಡಿಗೆ ಹಾಕದೆ ಈ ವ್ಯತ್ಯಾಸ ಹೇಳಿದರೆ ಸಾಕು, ಮುಂದಿನ ಮಾತನ್ನು ಬಂದವರೇ ಬೆಳೆಸುತ್ತಾರೆ.

ರಿಟ್ಟರ್ ಮಾಡಿದ ತಾಯಂದಿರಲ್ಲಿ ಎರಡನ್ನು ಎದುರುಬದುರು ಇಡಿ. ‘ದಿ ಮೇಟಿಂಗ್ ಸೀಸನ್’ (1951) ನಮ್ಮ ಜನಕ್ಕೆ ಬಹಳ ಹಿಡಿಸುತ್ತದೆ. ಹ್ಯಾಂಬರ್ಗರ್ ಅಂಗಡಿ ಮುಚ್ಚಿ ಮಗನ ಊರಿಗೆ ಬಂದ ತಾಯಿಯನ್ನು ದೊಡ್ಡ ಮನೆಯ ಸೊಸೆ ಅಡುಗೆಯವಳು ಅಂದುಕೊಳ್ಳುತ್ತಾಳೆ. ತಾಯಿ ತಿದ್ದುವುದಿಲ್ಲ, ಸೆರಗು ಸಿಕ್ಕಿಸಿ ಅಡುಗೆಗೆ ಇಳಿದವರ ಹಾಗೆ ಏಪ್ರನ್ ಕಟ್ಟಿ ಕೆಲಸಕ್ಕೆ ನಿಲ್ಲುತ್ತಾಳೆ. ನಮ್ಮಲ್ಲಾಗಿದ್ದರೆ ಇದು ಕಣ್ಣೀರಿನ ಕಥೆ. ರಿಟ್ಟರ್ ಇದನ್ನು ಹಗುರಾಗಿ, ಸೊಸೆಯ ಮೇಲೆ ಪ್ರೀತಿಯಿಂದಲೇ ಆಡುತ್ತಾರೆ. ‘ಬರ್ಡ್‌ಮ್ಯಾನ್’ನ ತಾಯಿ ಇದಕ್ಕೆ ಪೂರ್ತಿ ತಿರುಗುಮುರುಗು. ಮಗ ಬರ್ಟ್ ಲ್ಯಾಂಕಾಸ್ಟರ್ ಕೊಲೆ ಅಪರಾಧಿ. ಅವನ ಗಲ್ಲು ತಪ್ಪಿಸಲು ಬಾಗಿಲು ಬಾಗಿಲು ತಟ್ಟಿದ ಅದೇ ತಾಯಿ, ಅವನು ಇನ್ನೊಬ್ಬ ಹೆಂಗಸಿನ ಕೈ ಹಿಡಿದಾಗ ತಿರುಗಿ ಬೀಳುತ್ತಾಳೆ. ತುಟಿ ಬಿಗಿದುಕೊಂಡು ನೋಡುವ ಆ ನೋಟದಲ್ಲಿ ಸ್ಟೆಲ್ಲಾಳ ಸುಳಿವೂ ಇಲ್ಲ. ಒಂದೇ ಥರದ ಪಾತ್ರ ಮಾಡಿದವರು ಅನ್ನುವ ಮಾತು ಯಾರಾದರೂ ತೆಗೆದರೆ ಈ ಸಿನಿಮಾ ತೋರಿಸಿ.

ಸಂಜೆಯ ಏರ್ಪಾಡು

ಸಂಜೆ ಐದೂವರೆಗೆ ಶುರುಮಾಡಿ, ಎಂಟೂವರೆ ಒಳಗೆ ಮುಗಿಸಿ. ವಯಸ್ಸಾದವರಿಗೆ ಸಿಟಿ ಬಸ್ಸೋ ಆಟೋನೋ ಸಿಗಬೇಕು. ಮಾತು ಮೊದಲು, ಆಮೇಲೆ ಕಾಫಿ, ಆಮೇಲೆ ಸಿನಿಮಾ. ಮಾತಿನ ನಡುವೆ ಲೋಟ ಹಂಚಿದರೆ ಮೋ ಸಾಯುವ ಹೊತ್ತಿಗೆ ಸ್ಟೀಲಿನ ಸದ್ದು ಬರುತ್ತದೆ. ತುಣುಕುಗಳನ್ನು ಬೇರೆ ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಎಲ್ಲರ ಮುಂದೆ ಹಿಂದೆ ಮುಂದೆ ಎಳೆದಾಡಬೇಡಿ. ಸ್ಪೀಕರ್ ಪರದೆಯ ಹತ್ತಿರವೇ ಇರಲಿ. ಕಿವಿ ಮಂದವಾದವರನ್ನು ಮುಂದಿನ ಸಾಲಿಗೆ ಕರೆಯಿರಿ, ಬೆನ್ನು ನೋವಿನವರಿಗೆ ಕೈ ಇರುವ ಕುರ್ಚಿ ಕೊಡಿ. ಮನೆಯೊಳಗೆ ಸ್ನೇಹಿತರು ಕೂತು ನೋಡುವುದು ಬೇರೆ. ಸಭಾಂಗಣದಲ್ಲಿ ಊರಿನವರನ್ನೆಲ್ಲ ಕರೆದು ತೋರಿಸುವುದಾದರೆ ಹಕ್ಕು ಇರುವವರ ಒಪ್ಪಿಗೆ ಬೇಕು, ಅದನ್ನು ಮೊದಲೇ ಪಡೆಯಿರಿ.

ಪೂರ್ತಿ ಸಿನಿಮಾ ಯಾವುದು? ಮೊದಲ ಸಂಜೆಗೆ ‘ರಿಯರ್ ವಿಂಡೋ’. ಕಥೆ ಎಲ್ಲರನ್ನೂ ಹಿಡಿದಿಡುತ್ತದೆ, ಮತ್ತು ನಿಮ್ಮ ಮಾತು ಕೇಳಿದ ಮೇಲೆ ಜನ ಗ್ರೇಸ್ ಕೆಲ್ಲಿಯ ಬಟ್ಟೆಯ ಜೊತೆಗೆ ಸ್ಟೆಲ್ಲಾಳ ಕೈಯನ್ನೂ ನೋಡುತ್ತಾರೆ.

ಮಾತನ್ನು ಮುಗಿಸುವಾಗ 1968ರ ‘ವಾಟ್ಸ್ ಸೋ ಬ್ಯಾಡ್ ಅಬೌಟ್ ಫೀಲಿಂಗ್ ಗುಡ್’ ಅವರ ಕೊನೆಯ ಸಿನಿಮಾ, ಅದರ ನಿರ್ದೇಶಕರೂ ಮೊದಲ ಸಿನಿಮಾದ ಜಾರ್ಜ್ ಸೀಟನ್ನೇ ಅಂತ ಹೇಳಿ. 1969ರ ಫೆಬ್ರವರಿ 5ರಂದು, ಅರವತ್ತೇಳು ತುಂಬಲು ಒಂಬತ್ತು ದಿನ ಇರುವಾಗ, ಹೃದಯಾಘಾತದಿಂದ ನ್ಯೂಯಾರ್ಕಿನಲ್ಲೇ ತೀರಿಕೊಂಡರು. ಇದನ್ನು ರಾಗ ಎಳೆಯದೆ ಹೇಳಿ, ಪ್ರಶ್ನೆಗೆ ಹತ್ತು ನಿಮಿಷ ಬಿಡಿ.

ಬಂದವರು ಇನ್ನೊಂದು ಬೇಕು ಅಂದರೆ ಎರಡನೇ ಸಂಜೆಗೆ ಜಾರ್ಜ್ ಕ್ಯೂಕರ್ ಅವರ ‘ದಿ ಮಾಡೆಲ್ ಆಂಡ್ ದಿ ಮ್ಯಾರೇಜ್ ಬ್ರೋಕರ್’ (1951) ಇಡಿ. ಅದರಲ್ಲಿ ರಿಟ್ಟರ್ ಮದುವೆ ಸಂಬಂಧ ಕುದುರಿಸುವ ಹೆಂಗಸು, ಕಥೆಯೇ ಆಕೆಯ ಸುತ್ತ. ಜಾತಕದ ಫೈಲ್ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ಸುತ್ತಿದವರು ನಿಮ್ಮ ಬೀದಿಯಲ್ಲೂ ಯಾರಾದರೂ ಇರುತ್ತಾರೆ. ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ, ಸಿನಿಮಾ ಮುಗಿದ ಮೇಲೆ ಮೊದಲ ಮಾತು ಅವರಿಂದಲೇ ಆಡಿಸಿ.